ಬರದ ವರ್ಷದ ಜಿಂಕೆಗೊಂಬು

ಅಮೆರಿಕದ ಟೆಕ್ಸಾಸ್ ರಾಜ್ಯದ ಹಳ್ಳಿಗಾಡಿನಲ್ಲಿ ಆಗಸ್ಟ್ ಬಂತೆಂದರೆ ಮೇವಿನ ಅಂಗಡಿಯಲ್ಲೂ ಪೆಟ್ರೋಲ್ ಬಂಕಿನಲ್ಲೂ ಒಂದೇ ಮಾತು. ಈ ಸಲ ಮಳೆ ಕೈಕೊಟ್ಟಿತಲ್ಲ, ಕೊಂಬು ಹೇಗಿದ್ದಾವು? ನವೆಂಬರಿನ ಮೊದಲ ಶನಿವಾರ ಅಲ್ಲಿ ಬಿಳಿಬಾಲದ ಜಿಂಕೆಯ ಬೇಟೆ ಶುರು. ಆ ಒಂದೇ ರಾಜ್ಯದಲ್ಲಿ ಈ ಜಾತಿಯ ಜಿಂಕೆಗಳು 50 ಲಕ್ಷಕ್ಕೂ ಹೆಚ್ಚು. ಆಸ್ಟಿನ್, ಸ್ಯಾನ್ ಆಂಟೋನಿಯೊ ಹೊರವಲಯದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರ ಹಿತ್ತಲಿಗೆ ಬಂದು ಗುಲಾಬಿ ಚಿಗುರು ಮೇಯುವುದೂ ಇದೇ. ಅಲ್ಲಿನ ಬೇಟೆ ಲೈಸೆನ್ಸ್ ಪಡೆದು, ಲೆಕ್ಕ ಇಟ್ಟು ನಡೆಯುವಂಥದ್ದು. ಎಷ್ಟೋ ರಾಂಚುಗಳಿಗೆ ದನ ಸಾಕಿ ಬರುವ ಹಣಕ್ಕಿಂತ ಬೇಟೆಗಾರರು ಕೊಡುವ ಗುತ್ತಿಗೆಯ ಹಣವೇ ಆಧಾರ. ದುಡ್ಡು ಇರುವ ಕಡೆ ಭವಿಷ್ಯ ಹೇಳುವವರಿಗೆ ಬರವಿಲ್ಲ.

ನಮ್ಮಲ್ಲಿ ಕತೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆಗೆ ಗುರಿಯಿಡುವುದು ಹಾಗಿರಲಿ, ಕಾಡಿನಲ್ಲಿ ಉದುರಿ ಬಿದ್ದ ಕೊಂಬನ್ನು ಹೆಕ್ಕಿ ಮನೆಗೆ ತಂದರೂ ಕೇಸು. ಹಾಗಾಗಿ ಕೊಂಬು ಮತ್ತು ಮಳೆಯ ನಂಟಿನ ಬಗ್ಗೆ ನಮ್ಮಲ್ಲಿ ತಪ್ಪು ನಂಬಿಕೆ ಹುಟ್ಟಲೂ ಅವಕಾಶ ಕಡಿಮೆ. ಟೆಕ್ಸಾಸಿನಲ್ಲಿ ಅವು ಹೇರಳ. ಕೆಲವಕ್ಕೆ ಅರ್ಧ ಸತ್ಯದ ಬಲವೂ ಇದೆ, ಅದೇ ತೊಂದರೆ.

ಮೊದಲು ಕೊಂಬಿನ ಬಗ್ಗೆ ಒಂದಿಷ್ಟು. ರಾಣೆಬೆನ್ನೂರಿನ ಕೃಷ್ಣಮೃಗದ ತಲೆಯ ಮೇಲಿರುವ ಸುರುಳಿ ಕೊಂಬು ಹುಟ್ಟಿದ ಮೇಲೆ ಸಾಯುವವರೆಗೂ ಅದೇ. ಒಳಗೆ ಎಲುಬಿನ ಗೂಟ, ಮೇಲೆ ನಮ್ಮ ಉಗುರಿನ ಜಾತಿಯ ಪದಾರ್ಥದ ಒರೆ. ಜಿಂಕೆ, ಕಡವೆಗಳ ಕವಲುಗೊಂಬು ಹಾಗಲ್ಲ. ಅದು ಅಪ್ಪಟ ಎಲುಬು, ಉದುರಿ ಮತ್ತೆ ಬೆಳೆಯುವಂಥದ್ದು. ಬೆಳೆಯುವಾಗ ಅದರ ಮೇಲೆ ಮಕಮಲ್ಲಿನಂಥ ಚರ್ಮವಿರುತ್ತದೆ. ಚರ್ಮದಡಿ ರಕ್ತನಾಳಗಳ ಜಾಲ. ಮುಟ್ಟಿದರೆ ಬೆಚ್ಚಗಿರುತ್ತದೆ, ಪೆಟ್ಟಾದರೆ ರಕ್ತ ಬರುತ್ತದೆ. ಬಿಳಿಬಾಲದ ಜಿಂಕೆಯಲ್ಲಿ ಮಾರ್ಚ್–ಏಪ್ರಿಲಿನಲ್ಲಿ ಮೊಳೆಯುವ ಈ ಎಲುಬು ಜೂನ್–ಜುಲೈ ಹೊತ್ತಿಗೆ ದಿನಕ್ಕೆ ಕಾಲು ಇಂಚಿನಷ್ಟು ಬೆಳೆಯಬಲ್ಲದು. ಸಸ್ತನಿಗಳಲ್ಲಿ ಇಷ್ಟು ವೇಗವಾಗಿ ಬೆಳೆಯುವ ಅಂಗಾಂಶ ಅಪರೂಪ. ಆಗಸ್ಟಿನಲ್ಲಿ ಗಟ್ಟಿಯಾಗುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ಗಂಡು ಜಿಂಕೆ ಪೊದೆಗೆ ತಲೆ ತಿಕ್ಕಿ ಆ ಚರ್ಮವನ್ನು ಸುಲಿಯುತ್ತದೆ. ಸುಲಿಯುವ ದಿನ ನೋಡಿದವರು ಹೆದರಬೇಕು: ಕೊಂಬಿನಿಂದ ರಕ್ತಸಿಕ್ತ ಪಟ್ಟಿಗಳು ಕಣ್ಣ ಮುಂದೆ ಜೋತಾಡುತ್ತಿರುತ್ತವೆ, ಅದು ಅವನ್ನೇ ಕಿತ್ತು ತಿನ್ನುವುದೂ ಉಂಟು. ರಕ್ತನಾಳಗಳು ಹರಿದ ಗುರುತು ಒಣ ಕೊಂಬಿನ ಮೇಲೆ ಸಣ್ಣ ಗೀರುಗಳಾಗಿ ಉಳಿಯುತ್ತದೆ.

“ಬರ ಬಂದರೆ ಕೊಂಬು ಬರುವುದೂ ತಡ, ಉದುರುವುದೂ ತಡ”

ಇಲ್ಲ. ಕೊಂಬಿನ ಪಂಚಾಂಗ ಬರೆಯುವುದು ಹಗಲಿನ ಉದ್ದ. ಕಣ್ಣಿಗೆ ಬಿದ್ದ ಬೆಳಕಿನ ಲೆಕ್ಕ ಮೆದುಳಿನ ಪೀನಿಯಲ್ ಗ್ರಂಥಿಗೆ ಹೋಗುತ್ತದೆ. ಕತ್ತಲಲ್ಲಿ ಅದು ಮೆಲಟೋನಿನ್ ಒಸರುತ್ತದೆ. ರಾತ್ರಿ ಗಿಡ್ಡವಾಗುತ್ತ, ಉದ್ದವಾಗುತ್ತ ಹೋದಂತೆ ಆ ಒಸರಿನ ಅವಧಿಯೂ ಬದಲಾಗಿ, ಟೆಸ್ಟೊಸ್ಟೆರಾನ್ ಏರಿಳಿಯುತ್ತದೆ. ಟೆಸ್ಟೊಸ್ಟೆರಾನ್ ಕಡಿಮೆಯಿದ್ದಾಗ ಕೊಂಬು ಬೆಳೆಯುತ್ತದೆ, ಏರಿದಾಗ ಗಟ್ಟಿಯಾಗುತ್ತದೆ, ಚಳಿಗಾಲದ ಕೊನೆಗೆ ಮತ್ತೆ ಕುಸಿದಾಗ ಬುಡ ಸಡಿಲಾಗಿ ಕಳಚಿ ಬೀಳುತ್ತದೆ.

ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ರಿಚರ್ಡ್ ಗಾಸ್ ಸೀಕಾ ಜಿಂಕೆಗಳನ್ನು ಕೃತಕ ಬೆಳಕಿನಲ್ಲಿಟ್ಟು, ಒಂದು ವರ್ಷದ ಹಗಲಿನ ಏರಿಳಿತವನ್ನು ಕೆಲವೇ ತಿಂಗಳಿಗೆ ಕುಗ್ಗಿಸಿದರು. ಪ್ರಾಣಿಗಳು ಒಂದೇ ವರ್ಷದಲ್ಲಿ ಎರಡು ಮೂರು ಸಲ ಕೊಂಬು ಉದುರಿಸಿ ಬೆಳೆಸಿದವು. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು ಎಂದು ವರ್ಷವಿಡೀ ಒಂದೇ ಸಮ ಇಟ್ಟಾಗ ಕೊಂಬು ಬದಲಾಯಿಸುವುದನ್ನೇ ಮರೆತವು. ಪ್ರಯೋಗಶಾಲೆಯೇ ಬೇಡ ಎನ್ನುವವರು ನ್ಯೂಜಿಲೆಂಡ್ ನೋಡಬಹುದು. 19ನೇ ಶತಮಾನದಲ್ಲಿ ಬ್ರಿಟನ್ನಿನಿಂದ ಹಡಗಿನಲ್ಲಿ ಹೋದ ಕೆಂಪು ಜಿಂಕೆ ಅಲ್ಲಿ ಮಾರ್ಚ್–ಏಪ್ರಿಲಿನಲ್ಲಿ ಬೆದೆಗೆ ಬರುತ್ತದೆ. ತವರಿನಲ್ಲಿ ಅದರ ಬೆದೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಭೂಗೋಳದ ಆ ಬದಿಗೆ ಹೋದದ್ದೇ ತಡ, ಅದರ ವರ್ಷ ಆರು ತಿಂಗಳು ತಿರುಗಿ ನಿಂತಿತು.

ಹೊಟ್ಟೆಗಿಲ್ಲದೆ ಸೊರಗಿದ ಗಂಡು ಚಳಿಗಾಲದಲ್ಲಿ ಕೊಂಬನ್ನು ಸ್ವಲ್ಪ ಬೇಗ ಉದುರಿಸುವುದು ನಿಜ. ನಂಬಿಕೆ ಹೇಳುವುದಕ್ಕೆ ಅದು ತದ್ವಿರುದ್ಧ.

ಇಲ್ಲಿ ನಮ್ಮ ಚುಕ್ಕೆ ಜಿಂಕೆ ಒಂದು ತಮಾಷೆಯ ಅಪವಾದ. ಬಂಡೀಪುರದಲ್ಲಿ ಒಂದೇ ದಿನ, ಒಂದೇ ಹಿಂಡಿನಲ್ಲಿ ಮಕಮಲ್ಲಿನ ಕೊಂಬಿನ ಗಂಡೂ ಇರುತ್ತದೆ, ಒಣಗೊಂಬಿನ ಗಂಡೂ ಇರುತ್ತದೆ. ಹಗಲು ರಾತ್ರಿಯ ವ್ಯತ್ಯಾಸ ಕಡಿಮೆಯಿರುವ ನಾಡಿನ ಪ್ರಾಣಿ ಅದು. ಪ್ರತಿಯೊಂದಕ್ಕೂ ತನ್ನದೇ ತಿಥಿ. 1932ರಲ್ಲಿ ಇದನ್ನು ಟೆಕ್ಸಾಸಿಗೆ ತಂದು ಬಿಟ್ಟರು. ಬೇಲಿ ದಾಟಿ ಹಬ್ಬಿ, ಈಗ ಅಲ್ಲಿನ ಗುಡ್ಡಗಾಡಿನಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿದೆ. ಇಷ್ಟು ದಶಕ ಕಳೆದರೂ ಅದು ಅಲ್ಲಿನ ಕ್ಯಾಲೆಂಡರಿಗೆ ಒಗ್ಗಿಲ್ಲ. ಹೊರಗಿನ ಪ್ರಾಣಿ ಎಂಬ ಕಾರಣಕ್ಕೆ ಅದರ ಬೇಟೆಗೆ ಅಲ್ಲಿ ಋತುವೂ ಇಲ್ಲ. ಊರಿನಲ್ಲಿ ಕಾಯ್ದೆಯ ರಕ್ಷಣೆ, ಪರದೇಶದಲ್ಲಿ ವರ್ಷವಿಡೀ ಗುಂಡು.

“ನೀರಿಲ್ಲದೆ ಕೊಂಬು ಸೊರಗುತ್ತದೆ”

ಸೊರಗುವುದು ನಿಜ, ಕಾರಣ ನೀರಲ್ಲ. ಬೆಳೆಯುವ ಕೊಂಬಿನ ಬಹುಪಾಲು ಪ್ರೋಟೀನು. ಬಲಿತು ಒಣಗಿದ ಮೇಲೂ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನೇ, ಮಿಕ್ಕಿದ್ದು ಕ್ಯಾಲ್ಸಿಯಂ, ರಂಜಕದಂಥ ಖನಿಜ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಕೆರೆಯಲ್ಲಿ ನೀರೆಷ್ಟಿದೆ ಎಂದಲ್ಲ, ನೆಲದ ಮೇಲೆ ಯಾವ ಮೇವಿದೆ ಎಂದು.

ಬಿಳಿಬಾಲದ ಜಿಂಕೆ ದನದಂತೆ ಹುಲ್ಲು ಮೇಯುವ ಪ್ರಾಣಿಯಲ್ಲ. ಬಲಿತ ಹುಲ್ಲು ಅದಕ್ಕೆ ಸರಿಯಾಗಿ ಜೀರ್ಣವಾಗುವುದೂ ಇಲ್ಲ. ಅದು ಆರಿಸಿ ತಿನ್ನುವುದು ಅಗಲ ಎಲೆಯ ಕಳೆ ಗಿಡಗಳನ್ನು, ಪೊದೆಯ ಎಳೆ ಚಿಗುರನ್ನು, ಓಕ್ ಮರದ ಕಾಯಿಯನ್ನು, ಮೆಸ್ಕೀಟ್ ಮರದ ಕೋಡನ್ನು. ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ಖಾಸಾ ದಾಯಾದಿ. ದಕ್ಷಿಣ ಟೆಕ್ಸಾಸಿನ ಒಣಭೂಮಿಯಲ್ಲಿ ಪಾಪಾಸುಕಳ್ಳಿಯನ್ನೂ ಬಿಡುವುದಿಲ್ಲ. ಅದರಲ್ಲಿ ಪ್ರೋಟೀನು ಅಷ್ಟಕ್ಕಷ್ಟೆ, ಆದರೆ ನೀರು ತುಂಬಿಕೊಂಡಿರುತ್ತದೆ. ಹಾಗಾಗಿ ಕೆರೆ ಬತ್ತಿದರೂ ಜಿಂಕೆ ತಕ್ಷಣ ಬಾಯಾರಿ ಬೀಳುವುದಿಲ್ಲ.

ಈ ಮೇವಿನಲ್ಲಿ ಕೊಂಬಿಗೆ ದೊಡ್ಡ ಬಲ ಕೊಡುವುದು ವಸಂತದ ಆ ಕಳೆ ಗಿಡಗಳು. ಅವು ಮೊಳೆಯುವುದು ವಸಂತದ ಮಳೆಗಲ್ಲ, ಅದಕ್ಕೂ ಹಿಂದಿನ ಶರತ್ಕಾಲ ಮತ್ತು ಚಳಿಗಾಲದ ಮಳೆಗೆ. ವಿಜಯಪುರದ ಎರೆಭೂಮಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಗಾರಿ ಜೋಳ ಬೆಳೆಯುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕಪ್ಪು ಮಣ್ಣು ಹೀರಿಟ್ಟುಕೊಂಡ ತೇವದ ಮೇಲೆ, ಜನವರಿಯಲ್ಲಿ ಆಕಾಶ ಏನು ಕೊಟ್ಟಿತು ಎನ್ನುವುದರ ಮೇಲಲ್ಲ. ಜಿಂಕೆಯ ಲೆಕ್ಕವೂ ಹಾಗೇ. ಆಗಸ್ಟಿನಲ್ಲಿ ನೆಲ ಬಿರಿದದ್ದನ್ನು ನೋಡಿ “ಈ ವರ್ಷ ಕೊಂಬು ಹೋಯಿತು” ಎಂದು ಕೊರಗುವವರು ತಡವಾಗಿ ಕೊರಗುತ್ತಿದ್ದಾರೆ. ಅಷ್ಟೊತ್ತಿಗೆ ಕೊಂಬಿನ ಬಹುಪಾಲು ಕೆಲಸ ಮುಗಿದಿರುತ್ತದೆ. ಅದೇ ಕಾರಣಕ್ಕೆ ವರ್ಷದ ಒಟ್ಟು ಮಳೆಯ ಅಂಕಿ ಹಿಡಿದು ಕೊಂಬಿನ ಭವಿಷ್ಯ ಹೇಳುವುದೂ ಸಲ್ಲ. ಸೆಪ್ಟೆಂಬರಿನಲ್ಲೊಂದು ಚಂಡಮಾರುತ ಬಂದು ಸುರಿದು ಹೋದರೆ ಆ ವರ್ಷದ ಸರಾಸರಿ ಚೆಂದ ಕಾಣುತ್ತದೆ. ಆ ವರ್ಷದ ಕೊಂಬಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ, ಬರುವ ವರ್ಷದ್ದಕ್ಕೆ ಇದೆ.

ನಷ್ಟವಾದರೂ ಎಷ್ಟು? ಬೇಟೆಗಾರರು ಕೊಂಬನ್ನು ಅಳೆಯುವುದು ಮುಖ್ಯ ಕೊಂಬಿನ ಮತ್ತು ಕವಲುಗಳ ಉದ್ದ, ಸುತ್ತಳತೆ, ಎರಡು ಕೊಂಬುಗಳ ನಡುವಿನ ಅಗಲ ಎಲ್ಲ ಕೂಡಿಸಿ. ಪ್ರಾಯದ ಗಂಡಿಗೆ 120–130 ಇಂಚು ಬಂದರೆ ಸಾಧಾರಣ. ಸಾಮಾನ್ಯ ಬರದಲ್ಲಿ ಇದರಿಂದ ಕಳೆದುಹೋಗುವುದು ಕೆಲವು ಇಂಚು. ಕವಲುಗಳು ಗಿಡ್ಡವಾಗುತ್ತವೆ, ತೆಳ್ಳಗಾಗುತ್ತವೆ, ಅಷ್ಟೆ. ಅರ್ಧಕ್ಕರ್ಧ ಕುಸಿಯಿತು ಎನ್ನುವ ಮಾತುಗಳೆಲ್ಲ ಅಂಗಡಿ ಕಟ್ಟೆಯಲ್ಲಿ ಬೆಳೆದವು.

“ಉಪ್ಪಿನ ಗಡ್ಡೆ ಇಟ್ಟರೆ, ಮೆಕ್ಕೆಜೋಳ ಹಾಕಿದರೆ ಸರಿಹೋಗುತ್ತದೆ”

ಖನಿಜದ ಗಡ್ಡೆಗೆ ಜಿಂಕೆ ಬರುವುದು ಹೆಚ್ಚಾಗಿ ಅದರಲ್ಲಿರುವ ಉಪ್ಪಿನ ಆಸೆಗೆ. ಕೊಂಬಿಗೆ ಬೇಕಾದ ಕ್ಯಾಲ್ಸಿಯಂ, ರಂಜಕವನ್ನು ಅದು ತನ್ನ ಪಕ್ಕೆಲುಬುಗಳಿಂದಲೇ ಸಾಲ ತೆಗೆದು, ಆಮೇಲೆ ತುಂಬಿಸಿಕೊಳ್ಳುತ್ತದೆ. ಬೇಸಿಗೆಯ ಕೆಲವು ತಿಂಗಳು ಅದರ ಮೂಳೆಗಳು ನಿಜಕ್ಕೂ ಟೊಳ್ಳಾಗುತ್ತವೆ. ಮೆಕ್ಕೆಜೋಳದಲ್ಲಿ ಪ್ರೋಟೀನು ಶೇ. 8–9 ಮಾತ್ರ. ಟೆಕ್ಸಾಸಿನ ಕೆರ್ ವನ್ಯಜೀವಿ ಪ್ರದೇಶದಲ್ಲಿ 1970ರ ದಶಕದಲ್ಲಿ ಶುರುವಾದ ಪ್ರಯೋಗಗಳಲ್ಲಿ ಬೇಲಿಯೊಳಗಿನ ಗಂಡುಗಳಿಗೆ ಶೇ. 16 ಪ್ರೋಟೀನಿನ ಮೇವನ್ನೂ ಶೇ. 8ರ ಮೇವನ್ನೂ ಹಾಕಿ ನೋಡಿದರು. ಎರಡನೆಯ ಗುಂಪಿನ ಕೊಂಬು ಎದ್ದು ಕಾಣುವಷ್ಟು ಸಣ್ಣದಾಯಿತು. ಅಂದರೆ ಮೆಕ್ಕೆಜೋಳ ಜಿಂಕೆಯನ್ನು ಕರೆಯುವ ತಿಂಡಿ, ಕೊಂಬು ಬೆಳೆಸುವ ಊಟವಲ್ಲ. ಜೊತೆಗೆ, ಬರದಲ್ಲಿ ಬೆಳೆದ ಮೆಕ್ಕೆಜೋಳಕ್ಕೆ ಶಿಲೀಂಧ್ರ ತಗುಲಿ ಅಫ್ಲಾಟಾಕ್ಸಿನ್ ವಿಷ ಸೇರುವ ಸಂಭವ ಹೆಚ್ಚು. ನಮ್ಮ ಶೇಂಗಾ ಬೆಳೆಗಾರರಿಗೆ ಆ ಹೆಸರು ಹೊಸದಲ್ಲ.

“ಬರದ ಮರಿಗೆ ಜನ್ಮಪೂರ್ತಿ ಸೂಜಿಗೊಂಬೇ”

ಒಂದೂವರೆ ವರ್ಷದ ಗಂಡಿಗೆ ಮೊದಲ ಕೊಂಬು ಬರುತ್ತದೆ. ಕೆಲವಕ್ಕೆ ಕವಲೊಡೆಯುತ್ತದೆ, ಕೆಲವಕ್ಕೆ ಸೂಜಿಯಂತೆ ಎರಡು ಕಡ್ಡಿ ಮಾತ್ರ. ಬರದ ವರ್ಷಗಳಲ್ಲಿ ಕಡ್ಡಿಕೊಂಬಿನವು ಹೆಚ್ಚು. “ಕೆಟ್ಟ ತಳಿ, ಮೊದಲು ಇವನ್ನು ಹೊಡೆದು ತೆಗೆಯಬೇಕು” ಎನ್ನುವುದು ಎಷ್ಟೋ ರಾಂಚುಗಳಲ್ಲಿ ವೇದವಾಕ್ಯ. ಕೆರ್‌ನ ಪ್ರಯೋಗಗಳು ತಳಿಯ ಪಾತ್ರ ದೊಡ್ಡದು ಎಂದವು, ವಾದ ಅಲ್ಲಿಂದಲೇ ಬಲ ಪಡೆಯಿತು. ಆದರೆ ಅಳೆದು ಮೇವು ಹಾಕಿದ ಜಿಂಕೆಯ ಮಾತು ಬೇರೆ, ಬಯಲಿನದು ಬೇರೆ. ದಕ್ಷಿಣ ಟೆಕ್ಸಾಸಿನ ದೊಡ್ಡ ರಾಂಚೊಂದರಲ್ಲಿ ಸೀಸರ್ ಕ್ಲೆಬರ್ಗ್ ವನ್ಯಜೀವಿ ಸಂಶೋಧನಾ ಸಂಸ್ಥೆಯವರು ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಬಲೆ ಬೀಸಿ ಗಂಡುಗಳನ್ನು ಹಿಡಿದು, ಕೊಂಬು ಅಳೆದು, ಕಳಪೆ ಎನಿಸಿದ್ದನ್ನು ತೆಗೆಯುತ್ತ ಹೋದರು. ತಳಿಯೇನೂ ಸುಧಾರಿಸಲಿಲ್ಲ. ಬರದ ವರ್ಷಗಳಲ್ಲಿ ಒಂದೂವರೆ ವರ್ಷದವುಗಳ ದೊಡ್ಡ ಪಾಲೇ “ಕಳಪೆ” ಪಟ್ಟಿಗೆ ಬಿದ್ದು, ಗಂಡುಗಳ ಸಂಖ್ಯೆ ತಗ್ಗಿತು. ಮಳೆಯ ತಪ್ಪಿಗೆ ಜಿಂಕೆಗೆ ಶಿಕ್ಷೆ ಅಂದರೆ ಇದೇ.

ಪ್ರಾಯದ ಗಂಡಿಗೆ ಒಂದು ಬರದ ಬಾಧೆ ಒಂದು ವರ್ಷದ್ದು. ಕೊಂಬು ಉದುರಿ ಹೊಸದು ಬರುತ್ತದೆ, ಮುಂದಿನ ವಸಂತ ಹಸಿರಾದರೆ ಅದೇ ಪ್ರಾಣಿ ಹಿಂದಿನಷ್ಟೇ ದೊಡ್ಡ ಕೊಂಬು ಹೊರುತ್ತದೆ. ತಾಯಿಯ ಹಸಿವಿನಲ್ಲಿ ಹುಟ್ಟಿದ ಮರಿಯ ಸಂಗತಿ ಅಷ್ಟು ಸರಳವಲ್ಲ. ಸೌತ್ ಡಕೋಟ ರಾಜ್ಯದಲ್ಲಿ, ಮೇವು ಕಳಪೆಯಿರುವ ಬ್ಲ್ಯಾಕ್ ಹಿಲ್ಸ್ ಬೆಟ್ಟದ ಜಿಂಕೆಗಳನ್ನೂ ಸಮೃದ್ಧ ಪೂರ್ವ ಭಾಗದ ಜಿಂಕೆಗಳನ್ನೂ ತಂದು ಒಂದೇ ಬಗೆಯ ಒಳ್ಳೆಯ ಮೇವು ಹಾಕಿ ಸಾಕಿದರು. ಬೆಟ್ಟದ ಗಂಡುಮರಿಗಳು ಹೊಟ್ಟೆ ತುಂಬ ತಿಂದರೂ ಗಾತ್ರದಲ್ಲಿ, ಕೊಂಬಿನಲ್ಲಿ ಹಿಂದೆಯೇ ಉಳಿದವು. ಅವುಗಳ ಮುಂದಿನ ತಲೆಮಾರು ಮಾತ್ರ ಬಯಲಿನವಕ್ಕೆ ಸರಿಸಮನಾಗಿ ಬೆಳೆಯಿತು. ತಳಿ ಕೆಟ್ಟಿದ್ದರೆ ಒಂದು ತಲೆಮಾರಿನಲ್ಲಿ ಅದು ರಿಪೇರಿಯಾಗುತ್ತಿರಲಿಲ್ಲ. ಬಸುರಿನ ಕಾಲದ ತಾಯಿಯ ಸ್ಥಿತಿ ಮಗನ ತಲೆಯವರೆಗೂ ಮುಟ್ಟಿತ್ತು.

ಕವಲುಗಳನ್ನು ಎಣಿಸಿ ವಯಸ್ಸು ಹೇಳುವವರೂ ಇದ್ದಾರೆ. ವಯಸ್ಸು ಇರುವುದು ದವಡೆಯಲ್ಲಿ. ಬೇಟೆ ಮುಗಿದ ಮೇಲೆ ಕೆಳದವಡೆ ಬಿಡಿಸಿ, ಮೂರನೆಯ ಅಗೆಯುವ ಹಲ್ಲಿಗೆ ಮೂರು ಗುಬ್ಬಿಯೇ ಎರಡೇ ಎಂದು ನೋಡುತ್ತಾರೆ. ಮೂರಿದ್ದರೆ ಅದು ಹಾಲುಹಲ್ಲು, ಜಿಂಕೆಗೆ ಹೆಚ್ಚೆಂದರೆ ಒಂದೂವರೆ ವರ್ಷ. ಎರಡಿದ್ದರೆ ಹೊಸ ಹಲ್ಲು, ವಯಸ್ಸು ಅದಕ್ಕಿಂತ ಹೆಚ್ಚು. ಆಮೇಲೆ ಹಲ್ಲು ಸವೆದಂತೆಲ್ಲ ಬಿಳಿ ಎನಾಮಲ್ಲಿನ ನಡುವೆ ಕಂದು ಗೆರೆ ಅಗಲವಾಗುತ್ತ ಹೋಗುತ್ತದೆ. ಕೊಂಬು ತನ್ನ ಪೂರ್ಣ ಗಾತ್ರ ಮುಟ್ಟುವುದು ಐದು, ಆರು, ಏಳನೆಯ ವರ್ಷದಲ್ಲಿ. ಬರ ಕಸಿಯುವ ಇಂಚುಗಳಿಗಿಂತ ಎರಡೂವರೆ ವರ್ಷಕ್ಕೇ ಹೊಡೆದು ಉರುಳಿಸುವ ಅವಸರ ಕಸಿಯುವ ಇಂಚುಗಳು ಎಷ್ಟೋ ಹೆಚ್ಚು.

“ಕೆರೆಯ ದಂಡೆಯಲ್ಲಿ ಸತ್ತದ್ದು ಬಾಯಾರಿ”

ಆಗಸ್ಟ್, ಸೆಪ್ಟೆಂಬರಿನ ಬರದಲ್ಲಿ ಕೆಸರು ಹೊಂಡದ ಅಂಚಿನಲ್ಲಿ ಜಿಂಕೆಗಳು ಸತ್ತು ಬಿದ್ದಿರುವುದನ್ನು ಕಂಡವರು ಸಹಜವಾಗಿಯೇ ನೀರಿಗಾಗಿ ಬಂದು ಸತ್ತವು ಎಂದುಕೊಳ್ಳುತ್ತಾರೆ. ನೀರು ಎದುರಿಗೇ ಇರುವಾಗ ಬಾಯಾರಿ ಸಾಯುವುದೆಂತು? ಹೆಚ್ಚಿನ ಸಲ ಇದು ಇಎಚ್‌ಡಿ ಎಂಬ ವೈರಾಣು ರಕ್ತಸ್ರಾವ ರೋಗ, ನಮ್ಮ ಕುರಿಗಾಹಿಗಳನ್ನು ಕಾಡುವ ನೀಲಿನಾಲಿಗೆ ರೋಗದ ಹತ್ತಿರದ ಬಂಧು. 1955ರಲ್ಲಿ ನ್ಯೂಜೆರ್ಸಿಯಲ್ಲಿ ಮೊದಲು ಗುರುತಾಯಿತು. ಜ್ವರ ಏರುತ್ತದೆ, ನಾಲಿಗೆ ಊದುತ್ತದೆ, ಮೈ ತಂಪು ಮಾಡಿಕೊಳ್ಳಲು ಪ್ರಾಣಿ ನೀರಿಗಿಳಿದು ಅಲ್ಲೇ ಕುಸಿಯುತ್ತದೆ. ಹರಡುವುದು ಕ್ಯುಲಿಕಾಯ್ಡಿಸ್ ಎಂಬ ಚುಕ್ಕೆಯಷ್ಟು ಸಣ್ಣ ಕಚ್ಚುನೊಣ. ಅದರ ಮರಿ ಬೆಳೆಯುವುದು ತುಂಬಿದ ಕೆರೆಯಲ್ಲಲ್ಲ, ಬತ್ತುತ್ತಿರುವ ಕೆರೆಯ ಬತ್ತಲೆ ಕೆಸರಿನಲ್ಲಿ. ಬರ ಕೆಸರನ್ನೂ ಹೆಚ್ಚಿಸುತ್ತದೆ, ಜಿಂಕೆಗಳನ್ನೂ ಆ ಒಂದೆರಡು ಹೊಂಡಗಳ ಸುತ್ತ ಗುಂಪುಗೂಡಿಸುತ್ತದೆ. ಅಮೆರಿಕದ ಮಧ್ಯ ರಾಜ್ಯಗಳು ಬೆಂದುಹೋದ 2012ರ ಬೇಸಿಗೆಯಲ್ಲಿ ನೆಬ್ರಾಸ್ಕ, ಮಿಶಿಗನ್ ಮೊದಲಾದ ಕಡೆ ಈ ರೋಗ ದೊಡ್ಡ ಪ್ರಮಾಣದಲ್ಲಿ ಜಿಂಕೆಗಳನ್ನು ಕೊಂದಿತು. ಮೊದಲ ಗಟ್ಟಿ ಹಿಮ ಬಿದ್ದು ನೊಣ ಸತ್ತಾಗಲೇ ನಿಂತದ್ದು. ಮನುಷ್ಯರಿಗೆ ಇದು ತಗುಲುವುದಿಲ್ಲ. ಬದುಕುಳಿದ ಜಿಂಕೆಯ ಗೊರಸಿನಲ್ಲಿ ಅಡ್ಡ ಬಿರುಕು ಕಾಣಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಬೇಟೆಯಾದ ಪ್ರಾಣಿಯ ಕಾಲು ನೋಡಿಯೇ ಹಳಬರು “ಇದಕ್ಕೆ ಬಂದು ಹೋಗಿತ್ತು” ಎನ್ನುವುದುಂಟು.

“ಬರದ ವರ್ಷ ಬೇಟೆ ಸಿಗದು”

ಆಗುವುದು ಉಲ್ಟಾ. ಟೆಕ್ಸಾಸಿನಲ್ಲಿ ಗಡಿಯಾರಕ್ಕೆ ಸರಿಯಾಗಿ ಮೆಕ್ಕೆಜೋಳ ಚೆಲ್ಲುವ ಫೀಡರ್ ಇಟ್ಟು, ಮರೆಯಲ್ಲಿ ಕೂತು ಕಾಯುವುದು ಕಾನೂನಿಗೆ ಒಪ್ಪಿದ ಪದ್ಧತಿ. ಮಳೆ ಚೆನ್ನಾಗಿ ಆಗಿ ಓಕ್ ಕಾಯಿ ಉದುರಿದ ವರ್ಷ ಜಿಂಕೆ ಫೀಡರಿನ ಕಡೆ ತಿರುಗಿಯೂ ನೋಡುವುದಿಲ್ಲ. ಕಾದವರು “ಜಿಂಕೆಯೇ ಇಲ್ಲ” ಎಂದು ಬೈದುಕೊಂಡು ಮನೆಗೆ ಹೋಗುತ್ತಾರೆ. ಬರದ ವರ್ಷ ಕಾಡಿನಲ್ಲಿ ತಿನ್ನಲು ಇಲ್ಲದೆ ಹಗಲಲ್ಲೇ ಬಂದು ನಿಲ್ಲುತ್ತವೆ. ಋತುವಿನ ದಿನಾಂಕಗಳನ್ನು ರಾಜ್ಯದ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಕಮಿಷನ್ ವಸಂತದಲ್ಲೇ ತೀರ್ಮಾನಿಸಿಬಿಡುತ್ತದೆ, ಮಳೆ ಬಾರದಿದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ. ಬರ ಬಂದಾಗ ಜೀವಶಾಸ್ತ್ರಜ್ಞರು ಕೊಡುವ ಸಲಹೆಯೂ ಬೇಟೆ ನಿಲ್ಲಿಸಿ ಎಂದಲ್ಲ. ಅನುಮತಿಯಿರುವಷ್ಟು ಹೆಣ್ಣುಗಳನ್ನು ಋತುವಿನ ಆರಂಭದಲ್ಲೇ ತೆಗೆಯಿರಿ, ಉಳಿದ ಮೇವು ಉಳಿದ ಬಾಯಿಗಳಿಗೆ ಸಾಲಲಿ ಎಂದು. ನಮ್ಮ ಕಿವಿಗೆ ಕಠೋರವಾಗಿ ಕೇಳುತ್ತದೆ, ತೋಳ, ಪ್ಯೂಮಾಗಳು ಬಹುಪಾಲು ಅಳಿದ ನಾಡಿನ ಲೆಕ್ಕ ಅದು.

“ಮೊದಲ ಚಳಿ ಬೀಸಿದರೆ ಬೆದೆ ಶುರು” ಎನ್ನುವುದಕ್ಕೆ ಟೆಕ್ಸಾಸಿನ ನಕಾಶೆಯೇ ಉತ್ತರ. ಕರಾವಳಿ ಬಯಲಿನಲ್ಲಿ ಬೆದೆಯ ಏರುಕಾಲ ಸೆಪ್ಟೆಂಬರ್ ಕೊನೆ, ಇನ್ನೂ ಬೆವರಿಳಿಯುವ ಹೊತ್ತು. ನಡುನಾಡಿನ ಗುಡ್ಡಗಳಲ್ಲಿ ನವೆಂಬರ್, ದಕ್ಷಿಣದ ತುದಿಯಲ್ಲಿ ಡಿಸೆಂಬರ್. ಚಳಿ ಮಾಡುವುದು ಇಷ್ಟೇ: ದಪ್ಪ ಚಳಿಗಾಲದ ಕೂದಲು ಹೊದ್ದ ಪ್ರಾಣಿ ಸೆಕೆಯಲ್ಲಿ ರಾತ್ರಿ ಓಡಾಡುತ್ತದೆ, ತಂಪಾದರೆ ಹಗಲೂ ಕಾಣುತ್ತದೆ. ಚಳಿಯ ಅತಿರೇಕದ ಏಟು ಬಿದ್ದದ್ದು ನಮ್ಮ ನಾಡಿನ ಪ್ರಾಣಿಗಳಿಗೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಚುಕ್ಕೆ ಜಿಂಕೆ, ಕೃಷ್ಣಮೃಗಗಳು ಹಿಂಡುಗಟ್ಟಲೆ ಸತ್ತವು. ಬಿಳಿಬಾಲದವು ಬಹುಪಾಲು ತಡೆದುಕೊಂಡವು. ಬರದಲ್ಲಿ ಮಾತ್ರ ಚುಕ್ಕೆ ಜಿಂಕೆಯದೇ ಮೇಲುಗೈ: ಕಳೆ ಗಿಡ, ಚಿಗುರು ಮುಗಿದರೆ ಅದು ಹುಲ್ಲಿಗೆ ಬಾಯಿ ಹಾಕಿ ಬದುಕುತ್ತದೆ.

ಬರದ ಬಿಲ್ಲು ಬರುವುದು ಯಾವಾಗ

2010ರ ಅಕ್ಟೋಬರಿನಿಂದ 2011ರ ಸೆಪ್ಟೆಂಬರ್‌ವರೆಗಿನ ಹನ್ನೆರಡು ತಿಂಗಳು ಟೆಕ್ಸಾಸಿನ ದಾಖಲೆಯಲ್ಲೇ ಅತ್ಯಂತ ಒಣ ಅವಧಿ. ರಾಜ್ಯದ ಸರಾಸರಿ ಮಳೆಯ ಅರ್ಧವೂ ಬೀಳಲಿಲ್ಲ. ಸುಮಾರು 30 ಕೋಟಿ ಮರಗಳು ಒಣಗಿ ಸತ್ತವೆಂದು ಅಲ್ಲಿನ ಅರಣ್ಯ ಸೇವೆ ಅಂದಾಜು ಮಾಡಿತು. ಎಲ್ಲರ ಕಣ್ಣು ಆ ವರ್ಷದ ಕೊಂಬಿನ ಮೇಲೆ. ನಿಜವಾದ ಪೆಟ್ಟು ಬಿದ್ದದ್ದು ಆ ಜೂನ್, ಜುಲೈನಲ್ಲಿ ಹುಟ್ಟಿದ ಮರಿಗಳಿಗೆ. ತಾಯಿಗೆ ಮೇವಿಲ್ಲದೆ ಹಾಲು ಬತ್ತುತ್ತದೆ. ಮರಿ ಮೊದಲ ವಾರಗಳಲ್ಲಿ ಓಡುವುದಿಲ್ಲ, ಎತ್ತರದ ಹುಲ್ಲಿನಲ್ಲಿ ಅಲ್ಲಾಡದೆ ಮಲಗಿ ಬದುಕುತ್ತದೆ. ಹುಲ್ಲೇ ಇಲ್ಲದ ಬಯಲಿನಲ್ಲಿ ತೋಳದ ಬಳಗದ ಕಯೋಟಿಗಳಿಗೆ ಅದನ್ನು ಹುಡುಕುವ ಕಷ್ಟವೂ ಇರುವುದಿಲ್ಲ.

ಸತ್ತ ಮರಿಗಳು ಆ ವರ್ಷ ಯಾರ ಲೆಕ್ಕಕ್ಕೂ ಬರುವುದಿಲ್ಲ, ಅವಕ್ಕೆ ಕೊಂಬಿಲ್ಲವಲ್ಲ. 2011ರ ಮರಿಗೆ ಐದೂವರೆ ವರ್ಷ ತುಂಬಿ, ಕೊಂಬು ಪೂರ್ಣ ಗಾತ್ರಕ್ಕೆ ಬರಬೇಕಾದದ್ದು 2016ರ ಬೇಟೆಯ ಋತುವಿನಲ್ಲಿ. ಅದಕ್ಕೆ ಹಿಂದಿನ ವರ್ಷ, 2015ರ ಮೇ ತಿಂಗಳು, ಟೆಕ್ಸಾಸಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಸುರಿದ ತಿಂಗಳು. ಬರದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಆ ವಯಸ್ಸಿನ ಗಂಡುಗಳ ಸಾಲು ಮಾತ್ರ ತೆಳ್ಳಗೇ ಇತ್ತು. ಹಳೆಯ ಮಳೆ ಲೆಕ್ಕದ ಪುಸ್ತಕ ಇಟ್ಟುಕೊಂಡ ರಾಂಚಿನವನಿಗೆ ಇದು ಐದು ವರ್ಷ ಮೊದಲೇ ಗೊತ್ತಿರುತ್ತದೆ, ಆ ಋತುವಿಗೆ ಎಷ್ಟು ದೊಡ್ಡ ಗಂಡುಗಳನ್ನು ಗುತ್ತಿಗೆಗೆ ಕೊಡಬಹುದು ಎಂದು ಅವನು ಅದನ್ನು ನೋಡಿಯೇ ಬರೆಯುತ್ತಾನೆ.